ಕೆರೆಯ ದಂಡೆಯ ರಾಜಧಾನಿ



ಹಳೆಯ ರಾಜಧಾನಿಯೊಂದರ ಕಟ್ಟಡಗಳ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಿರಿ. ಹಂಪಿಯನ್ನೋ ಹಳೇಬೀಡನ್ನೋ ಆರಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಮುಂಡಗೋಡ ತಾಲ್ಲೂಕಿನ ಪಾಳಾದಲ್ಲಿ ನಿಂತವರು ಅಷ್ಟು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ತೆಂಕಣಕ್ಕೆ ಬನವಾಸಿ, ಮೂಡಣಕ್ಕೆ ಹಾನಗಲ್ಲು, ಪಡುವಣಕ್ಕೆ ಸೋಂದಾ. ಮೂರೂ ಒಂದೊಂದು ಕಾಲದಲ್ಲಿ ಅರಸರು ಕೂತು ಆಳಿದ ಊರುಗಳು. ಇಷ್ಟು ಹತ್ತಿರದಲ್ಲಿ ಮೂರು ರಾಜಧಾನಿಗಳನ್ನು ಇಟ್ಟುಕೊಂಡಿರುವ ಹಳ್ಳಿಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಅದರಲ್ಲೂ ಬನವಾಸಿ ಉಳಿದೆರಡಕ್ಕೂ ತಾಯಿಬೇರು. ಆದ್ದರಿಂದ ನನ್ನ ಮಾತಿನ ಬಹುಪಾಲು ಬನವಾಸಿಯದು.

ಬನವಾಸಿಗೆ ಹೋದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: "ಮಯೂರವರ್ಮನ ಅರಮನೆ ಎಲ್ಲಿತ್ತು?" ಸಿನಿಮಾ ನೋಡಿ ಬಂದ ಮಕ್ಕಳಂತೂ ಕೇಳಿಯೇ ಕೇಳುತ್ತಾರೆ. ತೋರಿಸಲು ಅರಮನೆ ಇಲ್ಲ. ಮಧುಕೇಶ್ವರನ ಗುಡಿ ತೋರಿಸುತ್ತೇವೆ, ತೇರು ತೋರಿಸುತ್ತೇವೆ, ವರದಾ ನದಿ ತೋರಿಸುತ್ತೇವೆ. ಕೇಳಿದವರು ಸ್ವಲ್ಪ ನಿರಾಸೆಯಿಂದ ಬಸ್ಸು ಹತ್ತುತ್ತಾರೆ. ಈ ನಿರಾಸೆ ಬರುವುದು ನಾವು ರಾಜಧಾನಿಯನ್ನು ತಪ್ಪು ಕಡೆಯಿಂದ ನೋಡಲು ಶುರು ಮಾಡುವುದರಿಂದ ಎಂದು ನನಗೆ ಅನ್ನಿಸುತ್ತದೆ. ಗುಡಿಯಿಂದ ಶುರು ಮಾಡಿ ಅರಮನೆಯನ್ನು ಹುಡುಕುತ್ತೇವೆ. ಈ ಸೀಮೆಯ ಅರಸರು ತಾವೇ ಕಲ್ಲಿನ ಮೇಲೆ ಬರೆಸಿದ್ದನ್ನು ಓದಿದರೆ, ಅವರು ನೆನಪಿಡಿ ಎಂದು ಹೇಳಿದ ಕಟ್ಟಡ ಬೇರೆಯೇ. ಅದು ಕೆರೆ. ಬನವಾಸಿಯನ್ನು ಕೆರೆಯ ಕಡೆಯಿಂದ ನೋಡಿದರೆ ಆ ಊರು ತನ್ನ ನಿಜವಾದ ಅಳತೆಯಲ್ಲಿ ಕಾಣುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಮಯೂರವರ್ಮನ ವಂಶವಾದ ಕದಂಬರಿಗಿಂತ ಮೊದಲೂ ಬನವಾಸಿ ದೊಡ್ಡ ಊರಾಗಿತ್ತು. ಸಿಂಹಳದ 'ಮಹಾವಂಸ' ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು, ಎಂದರೆ ಹಿರಿಯ ಬೌದ್ಧ ಭಿಕ್ಷುವನ್ನು, ವನವಾಸಕ್ಕೆ, ಅಂದರೆ ಬನವಾಸಿಗೆ, ಕಳಿಸಿದ್ದನ್ನು ಹೇಳುತ್ತದೆ. ಮುಂದೆ ಸಿಂಹಳದ ದೊರೆ ದುಟ್ಠಗಾಮಣಿ ಅನುರಾಧಪುರದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲು ಹಾಕುವಾಗ ವನವಾಸದಿಂದ ಚಂದಗುತ್ತನೆಂಬ ಥೇರ ದೊಡ್ಡ ಸಂಘದೊಂದಿಗೆ ಬಂದನೆಂದೂ ಹೇಳುತ್ತದೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಯ ಪಟ್ಟಿಯಲ್ಲೂ ಈ ಊರಿದೆ. ಆಂಧ್ರದ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಮನೆತನದ ಕೊಡಬಲಿಸಿರಿ ಎಂಬವಳು ಒಂದು ವಿಹಾರ ಕಟ್ಟಿಸಿದಳು. ಆಕೆ ವನವಾಸದ ಮಹಾರಾಜನ ರಾಣಿ. ಇಲ್ಲಿಂದ ಕೃಷ್ಣೆಯ ದಂಡೆಯವರೆಗೂ ಕಡಲಾಚೆಗೂ ನಂಟು ಬೆಳೆಸಿದ್ದ ಊರು ಅದು.

ಅಂಥ ಊರಿನಿಂದ ನಮಗೆ ಉಳಿದು ಬಂದಿರುವ ಅತ್ಯಂತ ಹಳೆಯ ವಸ್ತುಗಳಲ್ಲಿ ಒಂದು ಮಧುಕೇಶ್ವರನ ಅಂಗಳದಲ್ಲೇ ಇದೆ. ಐದು ಹೆಡೆ ಎತ್ತಿ, ಮೈ ಸುರುಳಿ ಸುತ್ತಿದ ನಾಗನ ಕಲ್ಲು. ಅನೇಕರು ಕೈಮುಗಿದು ಮುಂದೆ ಹೋಗುತ್ತಾರೆ. ಹತ್ತಿರ ಹೋಗಿ ನೋಡಿದರೆ ಅದರ ಅಂಚಿನಲ್ಲಿ ಬ್ರಾಹ್ಮಿ ಅಕ್ಷರದ ಪ್ರಾಕೃತ ಬರಹವಿದೆ. ಕದಂಬರಿಗಿಂತ ಮೊದಲು ಇಲ್ಲಿದ್ದ ಚುಟು ಕುಲದ ವಿಣ್ಹುಕಡ ಸಾತಕರ್ಣಿಯ ಆಳ್ವಿಕೆಯ 12ನೇ ವರ್ಷದಲ್ಲಿ ದೊರೆಯ ಮಗಳು ಕೊಟ್ಟ ದಾನದ ದಾಖಲೆ ಅದು. ಕೊಟ್ಟದ್ದು ಮೂರು: ಈ ನಾಗ, ಒಂದು ಕೆರೆ, ಒಂದು ವಿಹಾರ. ಕೆಲಸದ ಉಸ್ತುವಾರಿ ನೋಡಿದ ಅಮಾತ್ಯನ ಹೆಸರೂ ಇದೆ, ನಾಗನನ್ನು ಕಡೆದ ಶಿಲ್ಪಿಯ ಹೆಸರೂ ಇದೆ. ಶಿಲ್ಪಿ ನಟಕ, ಆಚಾರ್ಯ ಇಂದ್ರಮಯೂರನ ಶಿಷ್ಯ, ಜಯಂತಿ ಪಟ್ಟಣದವನು. ಜಯಂತಿ ಎಂದರೆ ಬನವಾಸಿಯೇ. ಸುಮಾರು 1,700 ವರ್ಷಗಳ ಹಿಂದೆ ಈ ಊರಿನಲ್ಲಿ ಗುರುವಿನ ಕೈಕೆಳಗೆ ಪಳಗಿದ ಒಬ್ಬ ಶಿಲ್ಪಿ ತನ್ನ ಹೆಸರನ್ನೂ ಗುರುವಿನ ಹೆಸರನ್ನೂ ದೊರೆಮಗಳ ದಾನದ ಪಕ್ಕದಲ್ಲಿ ಕೆತ್ತಿದ್ದಾನೆ. ಬೇಲೂರಿನ ಶಿಲ್ಪಿಗಳ ರುಜುವನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಅದಕ್ಕಿಂತ ಎಂಟು ಒಂಬತ್ತು ನೂರು ವರ್ಷ ಹಿಂದಿನ ರುಜು ನಮ್ಮ ಮಗ್ಗುಲಲ್ಲೇ ಇದೆ.

ಆ ವಿಹಾರ ಇಂದು ಇಲ್ಲ. ಬನವಾಸಿಯ ಉತ್ಖನನಗಳಲ್ಲಿ ಒಂದು ತುದಿ ದುಂಡಗಿರುವ, ಗಜಪೃಷ್ಠ ಎನ್ನುತ್ತೇವಲ್ಲ, ಅಂಥ ಇಟ್ಟಿಗೆಯ ಅಡಿಪಾಯಗಳು ಸಿಕ್ಕಿವೆ. ಬೌದ್ಧ ಚೈತ್ಯಗಳ ಆಕಾರ ಅದು. ಮುಂಡಗೋಡಕ್ಕೆ ಹೋದಾಗಲೆಲ್ಲ ನನಗೆ ಈ ಅಡಿಪಾಯಗಳ ನೆನಪಾಗುತ್ತದೆ. 1960ರ ದಶಕದಲ್ಲಿ ಟಿಬೆಟಿನಿಂದ ಬಂದವರು ಅಲ್ಲಿ ನೆಲೆಯೂರಿ ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿಕೊಂಡರು. ಬನವಾಸಿಯ ಸೀಮೆಯಲ್ಲಿ ವಿಹಾರಗಳು ಏಳುವುದು ಹೊಸದೇನಲ್ಲ. ನಡುವೆ ಬಹಳ ದೀರ್ಘವಾದ ಒಂದು ವಿರಾಮವಿತ್ತು ಅಷ್ಟೆ.

ಈಗ ಕದಂಬರಿಗೆ ಬರೋಣ. ಮಯೂರವರ್ಮನೆಂದು ನಾವು ಕರೆಯುವ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಿಮಗೆಲ್ಲ ಗೊತ್ತಿರುವ ಕಥೆ. ನಾಲ್ಕನೆಯ ಶತಮಾನದ ನಡುಭಾಗದಲ್ಲಿ ಬನವಾಸಿಯಲ್ಲಿ ಕದಂಬರ ಆಳ್ವಿಕೆ ಶುರುವಾಯಿತು. ಈ ಕಥೆ ನಮಗೆ ತಲುಪಿದ್ದು ತಾಳಗುಂದದ ಕಂಬದಿಂದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಆ ಕಂಬ ನಿಂತಿದೆ. ಸಾಲುಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದು. ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಕೊರೆಸಿದ್ದು.

ಆ ಕಂಬವನ್ನು ನಿಲ್ಲಿಸಿದ್ದು ಏತಕ್ಕೆ? ಶಾಲೆಯ ಪುಸ್ತಕದಲ್ಲಿ ಮಯೂರಶರ್ಮನ ಸಾಹಸವಿದೆ, ಕದಂಬ ದೊರೆ ಕಾಕುಸ್ಥವರ್ಮ ಗುಪ್ತರಿಗೂ ಬೇರೆ ಅರಸರಿಗೂ ಹೆಣ್ಣು ಕೊಟ್ಟ ಹೆಮ್ಮೆಯಿದೆ. ಶಾಸನದ ಮುಖ್ಯ ಸಂದರ್ಭ ಮಾತ್ರ ಅಲ್ಲಿ ಮಸುಕಾಗುತ್ತದೆ. ಸಾತಕರ್ಣಿಯಂಥ ಹಿಂದಿನ ಅರಸರೂ ಪೂಜಿಸಿದ್ದ ಮಹಾದೇವನ ಗುಡಿಯ ಬಳಿ ಕಾಕುಸ್ಥವರ್ಮ ಒಂದು ದೊಡ್ಡ ಕೆರೆ ಕಟ್ಟಿಸಿದ. ಆ ಕೆರೆಯನ್ನು ಹೇಳಲೆಂದೇ ಇಡೀ ವಂಶದ ಚರಿತ್ರೆ ಬರೆಯಲಾಯಿತು. ಕದಂಬ ರಾಜವಂಶದ ಕಥೆ ನಮಗೆ ಸಿಕ್ಕಿದ್ದು ಒಂದು ಕೆರೆಯ ನೆಪದಲ್ಲಿ.

ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಮಯೂರಶರ್ಮನ ಚಿಕ್ಕ ಬಂಡೆಶಾಸನವನ್ನು ನೋಡಿ. ಅದರಲ್ಲಿ ಬರುವ ಶತ್ರುಗಳ ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಚರ್ಚೆಯಿಲ್ಲದ ಮಾತು ತಟಾಕದ್ದು. ಮಯೂರಶರ್ಮನೇ ಹಾಕಿಸಿದ ಬರಹ ಅವನನ್ನು ಕೆರೆ ಮಾಡಿಸಿದವನೆಂದು ಗುರುತಿಸುತ್ತದೆ. ಕುದುರೆ ಸವಾರನನ್ನು ಎದುರಿಸಿದ ವೀರನಾಗಿ ನಾವು ಅವನನ್ನು ತೆರೆಯ ಮೇಲೆ ಕಂಡಿದ್ದೇವೆ. ಕೆರೆ ಕಟ್ಟಿಸಿದ ಮಯೂರಶರ್ಮನನ್ನು ಇನ್ನೂ ಯಾರೂ ನಮಗೆ ತೋರಿಸಿಲ್ಲ.

ಮೂರನೆಯ ಸಾಕ್ಷಿ ಗುಡ್ನಾಪುರದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಕ್ಷಮಿಸಬೇಕು. ಬನವಾಸಿಗೆ ಹೋದವರಲ್ಲಿ ಬಹುಮಂದಿ ಅಲ್ಲಿಗೆ ಹೋಗುವುದೇ ಇಲ್ಲ. ಬನವಾಸಿಯಿಂದ ಸುಮಾರು ಐದು ಕಿಲೋಮೀಟರ್. ವಿಶಾಲವಾದ ಕೆರೆ, ಸುತ್ತ ಗದ್ದೆ ತೋಟ. 1970ರ ದಶಕದ ಆರಂಭದಲ್ಲಿ ಬಿ.ಆರ್. ಗೋಪಾಲ್ ಅವರು ಅಲ್ಲಿ ರವಿವರ್ಮನ ಎತ್ತರದ ಕಂಬಶಾಸನವನ್ನು ಪತ್ತೆ ಮಾಡಿದರು. ರವಿವರ್ಮ ಐದನೆಯ ಶತಮಾನದ ಕೊನೆ, ಆರನೆಯ ಶತಮಾನದ ಮೊದಲ ಭಾಗದ ಕದಂಬ ದೊರೆ. ಅಲ್ಲಿಯವರೆಗೆ ಮಯೂರಶರ್ಮನ ತಂದೆ ಯಾರೆಂದು ನಮಗೆ ತಿಳಿದಿರಲಿಲ್ಲ. ಬಂಧುಷೇಣ ಎಂಬ ಹೆಸರನ್ನು ಈ ಕಂಬ ಕೊಟ್ಟಿತು.

ನಮ್ಮ ವಿಷಯಕ್ಕೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ರವಿವರ್ಮ ಕಾಮದೇವನಿಗೆ ಒಂದು ಆಲಯ ಕಟ್ಟಿಸಿದ. ಶಾಸನ ಅದನ್ನು ಕಾಮಜಿನಾಲಯ ಎನ್ನುತ್ತದೆ. ಅದು ಇರುವ ಜಾಗವನ್ನು ಹೇಳುವಾಗ ಅರಮನೆಯನ್ನು, ನೃತ್ಯಶಾಲೆಗಳನ್ನು, ಅಂತಃಪುರವನ್ನು ಗುರುತಾಗಿ ಹೇಳುತ್ತದೆ. ಕನ್ನಡ ನಾಡಿನ ಅರಸನೊಬ್ಬನ ಅರಮನೆಯ ಪರಿಸರವನ್ನು, ಕಟ್ಟಡದ ಪಕ್ಕ ಕಟ್ಟಡ ಇಟ್ಟು ಹೇಳುವ ಇಷ್ಟು ಹಳೆಯ ಬರಹ ನನಗೆ ಗೊತ್ತಿರುವಂತೆ ಮತ್ತೊಂದಿಲ್ಲ. ಅಲ್ಲಿ ನಡೆಯುತ್ತಿದ್ದ ವಸಂತೋತ್ಸವದ ಪ್ರಸ್ತಾಪವೂ ಇದೆ. ಹೋಳಿಯ ಹೊತ್ತಿಗೆ ನಮ್ಮೂರುಗಳಲ್ಲಿ ಈಗಲೂ ಕಾಮನನ್ನು ಕೂರಿಸುತ್ತಾರಲ್ಲ, ಆ ಕಾಮನಿಗೆ ಹದಿನೈದು ಶತಮಾನಗಳ ಹಿಂದೆ ಇಲ್ಲಿ ದೊರೆಯೇ ಗುಡಿ ಕಟ್ಟಿಸಿದ್ದ. ಶಾಸನ ಅಲ್ಲಿಗೇ ನಿಲ್ಲದೆ ಕೆರೆಯ ಮಾತನ್ನೂ ಗುಡಿಗೆ ಬಿಟ್ಟ ಭೂಮಿಯ ಮಾತನ್ನೂ ಹೇಳುತ್ತದೆ. ಅರಮನೆ, ನಾಟ್ಯ, ಹಬ್ಬ, ಗುಡಿ ಎಲ್ಲವೂ ನಿಂತದ್ದು ಭತ್ತ ಬೆಳೆಯುವ ನೆಲದ ಮೇಲೆ; ಭತ್ತ ನಿಂತದ್ದು ಕೆರೆಯ ನೀರಿನ ಮೇಲೆ.

ಮುಂದೆ ಕೇಂದ್ರ ಪುರಾತತ್ವ ಇಲಾಖೆ ಗುಡ್ನಾಪುರದಲ್ಲಿ ಅಗೆದಾಗ ಕೆರೆಯ ಬದಿಯಲ್ಲಿ ಇಟ್ಟಿಗೆ ಕಟ್ಟಡಗಳ ತಳಪಾಯಗಳು ಹೊರಬಂದವು. ಇಟ್ಟಿಗೆ ಎಂಬುದನ್ನು ಒತ್ತಿ ಹೇಳುತ್ತೇನೆ. ಕದಂಬರು ಕಟ್ಟಿದ್ದು ಇಟ್ಟಿಗೆಯಲ್ಲಿ, ಮಣ್ಣಿನಲ್ಲಿ, ಕಾಡಿನ ಮರದಲ್ಲಿ. ಸುತ್ತ ಇಷ್ಟು ಮರ ಇರುವಾಗ ಅರಮನೆಯನ್ನು ಕಲ್ಲಿನಲ್ಲಿ ಕಟ್ಟುವ ಗೋಜಿಗೆ ಯಾರು ಹೋಗುತ್ತಾರೆ? ಮಲೆನಾಡಿನ ಮಳೆ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಮಳೆಗಾಲ ಹೆಂಚು ಕೈಯಾಡಿಸದೆ ಬಿಟ್ಟರೆ ಮನೆಯ ಗತಿ ಏನಾಗುತ್ತದೆ ಎಂಬುದು ಇಲ್ಲಿ ಕೂತವರೆಲ್ಲರಿಗೂ ಗೊತ್ತು. ಅರಸು ಹೋದ ಮೇಲೆ ಅರಮನೆ ಎಷ್ಟು ಕಾಲ ನಿಂತೀತು? ಕೆರೆ ಮಾತ್ರ ಉಳಿಯಿತು, ಏಕೆಂದರೆ ಅದನ್ನು ಉಳಿಸಿಕೊಳ್ಳಬೇಕಾದ ಅಗತ್ಯ ಅರಸನಿಗಿಂತ ರೈತನಿಗೆ ಹೆಚ್ಚಿತ್ತು. ವರ್ಷವರ್ಷವೂ ಏರಿ ಸರಿಮಾಡಿದವರು, ತೂಬು ನೋಡಿಕೊಂಡವರು, ಹೂಳು ತೆಗೆದವರು ಆ ಕಟ್ಟಡವನ್ನು ನಮ್ಮ ಕೈಗೆ ತಲುಪಿಸಿದ್ದಾರೆ.

ಬನವಾಸಿಗೆ ಕೋಟೆಯೂ ಇತ್ತು. ಅದರ ಚಿತ್ರ ನಮಗೆ ಸಿಗುವುದು ಅದನ್ನು ಗೆದ್ದವರ ಬರಹದಲ್ಲಿ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನ ಇಮ್ಮಡಿ ಪುಲಕೇಶಿ ಬನವಾಸಿಗೆ ಮುತ್ತಿಗೆ ಹಾಕಿದ್ದನ್ನು ವರ್ಣಿಸುತ್ತದೆ. ವರದೆಯ ಅಲೆಗಳ ಮೇಲಿನ ಹಂಸಗಳ ಸಾಲೇ ಆ ಊರಿನ ಒಡ್ಯಾಣವೆಂಬ ಕಲ್ಪನೆ ಅಲ್ಲಿದೆ. ಇಂದಿಗೂ ಊರಿನ ಹೊರವಲಯದಲ್ಲಿ ನಡೆದರೆ ಅಗಳು ಮತ್ತು ಕೋಟೆಗೋಡೆಯ ಗುರುತುಗಳು ಕಾಣುತ್ತವೆ. ನದಿ ಬಳಸಿ ಹರಿಯುವ ಆ ತಿರುವಿನಲ್ಲಿ ನಿಂತರೆ ಮೊದಲು ಚುಟುಗಳು, ಆಮೇಲೆ ಕದಂಬರು ಈ ಜಾಗವನ್ನೇ ಏಕೆ ಹಿಡಿದರು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇಷ್ಟು ಕಂಡ ಮೇಲೆ ಮಧುಕೇಶ್ವರನ ಗುಡಿಗೆ ಹೋಗಬೇಕು. ಆಗ ಅದು ಬೇರೆಯಾಗಿಯೇ ಕಾಣುತ್ತದೆ. ಒಬ್ಬ ಅರಸನ ಕಟ್ಟಡವಾಗಿ ಅದನ್ನು ನೋಡಲು ಬರುವುದಿಲ್ಲ. ಒಳಗೆ ಗರ್ಭಗುಡಿ ಸರಳ, ಅಲಂಕಾರ ಕಡಿಮೆ, ಜೇನುಬಣ್ಣದ ಲಿಂಗ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಜಾರ್ಜ್ ಮೊರೇಸ್ ಅವರು 1931ರಲ್ಲಿ 'ದಿ ಕದಂಬ ಕುಲ' ಪುಸ್ತಕ ಬರೆದ ಮೇಲೆ ಈ ಬಗೆಯ ಶಿಖರವನ್ನು ಕದಂಬ ಶೈಲಿ ಎಂದು ಗುರುತಿಸುವುದು ರೂಢಿಯಾಯಿತು. ಮುಂದಿನ ದೊಡ್ಡ ಸಭಾಮಂಟಪ ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಅಲ್ಲಿನ ಕಂಬಗಳನ್ನು ತಿರುಗಣಿಗೆ ಕೊಟ್ಟು ಉಜ್ಜಿ ನುಣುಪು ಮಾಡಿದ್ದಾರೆ. ಎದುರು ನಿಂತರೆ ಕಂಬದ ಉಬ್ಬಿನಲ್ಲಿ ನಿಮ್ಮ ಪ್ರತಿಬಿಂಬ ನೆಟ್ಟಗೆ, ತಗ್ಗಿನಲ್ಲಿ ತಲೆಕೆಳಗು. ಮಕ್ಕಳು ಇದನ್ನು ನೋಡಿ ನಗುತ್ತಾರೆ, ನಗಲಿ. ಆದರೆ ಆ ನುಣುಪನ್ನು ಅಂಗೈಯಿಂದ ಒಮ್ಮೆ ಸವರಿ ನೋಡಬೇಕು. ಸುಮಾರು ಸಾವಿರ ವರ್ಷ ಎಷ್ಟೋ ಕೈ ಸವರಿದರೂ ಗೆರೆ ಕೆಟ್ಟಿಲ್ಲ. ಎದುರಿನ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಗುಡಿಯ ಕಡೆ ಎಂದು ಊರವರು ತೋರಿಸುತ್ತಾರೆ. ಅಂಗಳದ ಸುತ್ತ ಅಷ್ಟದಿಕ್ಪಾಲಕರು, ಅರ್ಧಗಣಪತಿ, ಬಹಳ ಹಳೆಯದಾದ ನರಸಿಂಹ.

ಆಮೇಲೆ ಸೋದೆಯ, ಅಂದರೆ ಸೋಂದಾದ, ಅರಸರು ಬರುತ್ತಾರೆ. ದೊಡ್ಡ ತೇರು 1608ರಲ್ಲಿ ರಾಮಚಂದ್ರ ನಾಯಕ ಕೊಟ್ಟದ್ದು. ಕಲ್ಲಿನ ಮಂಚ 1628ರಲ್ಲಿ ರಘುನಾಥ ನಾಯಕನದು. ಆ ಮಂಚವನ್ನು ನೋಡದೆ ಬರಬೇಡಿ. ಕಾಲು, ಕಂಬ, ಚಪ್ಪರ ಎಲ್ಲವೂ ಕಲ್ಲು, ಆದರೆ ಕೆತ್ತನೆ ಮರದ ಕೆಲಸದ್ದು. ಬಡಗಿಯ ಕೈಯ ಪರಿಚಯವಿದ್ದವರಿಗೆ ಇದು ಕೂಡಲೇ ತಿಳಿಯುತ್ತದೆ. ತ್ರಿಲೋಕ ಮಂಟಪವೆಂದು ಕರೆಯುವ ಸೂಕ್ಷ್ಮ ಕೆತ್ತನೆಯ ಕಲ್ಲಿನಲ್ಲೂ ಅದೇ ಕೈಚಳಕ. ಅಂದರೆ ಮಳೆಯಲ್ಲಿ ಕರಗಿಹೋದ ಮರದ ಅರಮನೆಗಳ ಕುಶಲತೆ ಹೇಗಿತ್ತು ಎಂಬ ಅಂದಾಜು ನಮಗೆ ಈ ಕಲ್ಲಿನಲ್ಲಿ ಸಿಗುತ್ತದೆ.

ಗಮನಿಸಬೇಕಾದದ್ದೆಂದರೆ ಇವರಲ್ಲಿ ಯಾರಿಗೂ ಬನವಾಸಿ ರಾಜಧಾನಿಯಾಗಿರಲಿಲ್ಲ. ಚಾಲುಕ್ಯರ ರಾಜಧಾನಿ ಕಲ್ಯಾಣ, ಸೋದೆಯವರದು ಸೋಂದಾ. ಆದರೂ ಪ್ರತಿಯೊಬ್ಬರೂ ಇಲ್ಲಿಗೆ ಬಂದು ತಮ್ಮದೊಂದು ಕಲ್ಲು ಇಟ್ಟು ಹೋದರು. ಹಾನಗಲ್ಲಿನ ಕದಂಬರೂ ಗೋವೆಯ ಕದಂಬರೂ ತಮ್ಮ ಬಿರುದಿನಲ್ಲಿ ಬನವಾಸಿಪುರದ ಅಧೀಶ್ವರರೆಂದು, ಜಯಂತಿಯ ಮಧುಕೇಶ್ವರನ ವರಪ್ರಸಾದ ಪಡೆದವರೆಂದು ಬರೆಸಿಕೊಂಡರು. ಪಂಪ 941ರ ಹೊತ್ತಿಗೆ ಬರೆಯುವಾಗ ಅವನ ಆಶ್ರಯದಾತ ಅರಿಕೇಸರಿ ಇದ್ದದ್ದು ದೂರದ ವೇಮುಲವಾಡದಲ್ಲಿ. ಅವನ ಮನಸ್ಸು ಮಾತ್ರ ಬನವಾಸಿ ದೇಶವನ್ನೇ ನೆನೆಯಿತು. ಆ ಪದ್ಯಗಳು ಈ ಸಭೆಯಲ್ಲಿ ಅನೇಕರಿಗೆ ಬಾಯಿಪಾಠ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮ ಮದ್ದಳೆ ಬಾರಿಸುವುದು ಇದೇ ಮಧುಕೇಶ್ವರನ ಗುಡಿಯಲ್ಲಿ. ಅರಸರು ಬೇರೆ ಕಡೆ ಕೂತರೂ ನಾಡಿನ ನೆನಪಿನಲ್ಲಿ ಬನವಾಸಿಯ ಸ್ಥಾನ ಕದಲಲಿಲ್ಲ.

ಕದಂಬರಿಗೆ ಇನ್ನೊಂದು ನೆಲೆಯಾಗಿದ್ದದ್ದು ಇಲ್ಲಿಂದ ಬಡಗಣ ಪಡುವಣಕ್ಕೆ, ಖಾನಾಪುರ ತಾಲ್ಲೂಕಿನ ಹಲಸಿ, ಅಂದಿನ ಪಲಾಶಿಕೆ. ಮೃಗೇಶವರ್ಮ ಅಲ್ಲಿ ತಂದೆಯ ನೆನಪಿಗೆ ಬಸದಿ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಮೂರೂ ಪಂಥದವರಿಗೆ ಭೂಮಿ ಬಿಟ್ಟ. ಈಗ ಕಾಣುವ ಭೂವರಾಹ ನರಸಿಂಹ ಗುಡಿ ಗೋವೆಯ ಕದಂಬರ 12ನೇ ಶತಮಾನದ ಕೆಲಸ. ಎರಡು ಗರ್ಭಗುಡಿಗಳು ಒಂದಕ್ಕೊಂದು ಮುಖ ಮಾಡಿವೆ.

ಹಾನಗಲ್ಲು ನಿಮಗೆ ಸಂತೆಯೂರು, ಬಂಧುಬಳಗದ ಊರು. ಶಾಸನಗಳ ಪಾನುಂಗಲ್ಲು ಅದೇ. ಬನವಾಸಿ ಪನ್ನಿರ್ಛಾಸಿರ, ಪಾನುಂಗಲ್ಲು ಐನೂರು ಎಂಬ ನಾಡುಗಳನ್ನು ಆಳಿದ ಕದಂಬರು ಅಲ್ಲಿದ್ದರು. ತಾರಕೇಶ್ವರ ಗುಡಿಯ ತೆರೆದ ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಸುತ್ತುಸುತ್ತಾಗಿ ಒಳಗೆ ಬಾಗುತ್ತ ಹೋಗುವ ಕಲ್ಲುಗಳ ನಡುವಿನಿಂದ ಕಮಲವೊಂದು ಕೆಳಗೆ ಇಳಿಬಿದ್ದಿದೆ. ಗಾರೆಯ ನೆರವಿಲ್ಲದೆ, ಒಂದು ಕಲ್ಲಿನ ಭಾರ ಇನ್ನೊಂದನ್ನು ಹಿಡಿದಿಟ್ಟು ನಿಲ್ಲಿಸಿದ ಆ ಛಾವಣಿಯ ಎದುರು ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಂದು ದಿನ ಕೂರಿಸಬೇಕು. ಅಂಗಳದಲ್ಲಿ ದೊಡ್ಡ ವೀರಗಲ್ಲಿದೆ, ಕೋಟೆಯ ಮುತ್ತಿಗೆ ಅದರಲ್ಲಿ ಕೊರೆದಿದೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿನ ಮೇಲೆ ಬಂದಾಗ ಕದಂಬ ಕಾಮದೇವನ ಕಡೆಯವರು ಎದುರಿಸಿದರು. ಬಲ್ಲಾಳನ ದಂಡು ಬೀಡುಬಿಟ್ಟದ್ದು ಎಲ್ಲಿ? ಆನೆಕೆರೆಯ ಬಳಿ. ಕೋಟೆ ಹಿಡಿಯಬೇಕಾದವನು ಮೊದಲು ಕೆರೆ ಹಿಡಿಯಬೇಕಿತ್ತು. ಆ ಕೆರೆ ಈಗಲೂ ಅಲ್ಲಿದೆ. ನಮ್ಮ ಮಳಗಿಯ ಧರ್ಮಾ ಜಲಾಶಯದಿಂದ ಇಂದಿಗೂ ಹಾನಗಲ್ಲಿನ ಕಡೆಯ ಗದ್ದೆಗಳಿಗೆ ನೀರು ಹೋಗುತ್ತದೆ. ಈ ಎರಡು ಸೀಮೆಗಳ ನಂಟು ನೀರಿನದು.

ಸೋಂದಾದ ಬಗ್ಗೆ ಒಂದೇ ಮಾತು. 1760ರ ದಶಕದಲ್ಲಿ ಹೈದರನ ಸೈನ್ಯ ಬಂದಾಗ ಅಲ್ಲಿನ ಅರಸ ಗೋವೆಗೆ ಹೋದ. ಕೋಟೆ ಹಾಳಾಯಿತು. ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನ ಮಠ ಉಳಿದವು. ಮೂರು ಪಂಥದವರೂ ಒಂದೇ ಅರಸುನೆಲೆಯ ಸುತ್ತ ನೆಲೆನಿಂತದ್ದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಈಗ ನಿಮ್ಮ ಮುಂದೆ ನನ್ನದೊಂದು ಕೋರಿಕೆಯಿದೆ. ಕದಂಬೋತ್ಸವಕ್ಕೆ ಸಾವಿರಾರು ಜನ ಸೇರುತ್ತೇವೆ, ಪಂಪ ಪ್ರಶಸ್ತಿಗೆ ಚಪ್ಪಾಳೆ ತಟ್ಟುತ್ತೇವೆ, ಅದು ಆಗಲೇಬೇಕು. ಅದೇ ಜನ ಗುಡ್ನಾಪುರದ ಕೆರೆಯವರೆಗೂ ಬರುವಂತಾಗಬೇಕು. ಅಲ್ಲಿನ ಇಟ್ಟಿಗೆಯ ತಳಪಾಯಗಳಿಗೆ ಮಳೆಯಿಂದ ರಕ್ಷಣೆ, ಕಂಬದ ಬರಹ ಕನ್ನಡದಲ್ಲಿ ಅರ್ಥವಾಗುವ ಫಲಕ, ಅರಮನೆ, ನೃತ್ಯಶಾಲೆ, ಕಾಮಜಿನಾಲಯ ಎಲ್ಲಿದ್ದಿರಬಹುದೆಂಬ ಒಂದು ನಕ್ಷೆ, ಇಷ್ಟಾದರೂ ಬೇಕು. ಅರಮನೆ ಎಲ್ಲಿ ಎಂದು ಕೇಳುವ ಮಗುವಿಗೆ ಆಗ ಕೈಮಾಡಿ ತೋರಿಸಬಹುದು.

ಮುಂಡಗೋಡ ತಾಲ್ಲೂಕಿನಲ್ಲೂ ಕೆಲಸವಿದೆ. ನಮ್ಮ ಹಳ್ಳಿಗಳ ಕೆರೆಗಳಲ್ಲಿ ಬೇಸಿಗೆಗೆ ಹೂಳೆತ್ತುವಾಗ ಈಗ ಯಂತ್ರ ಇಳಿಯುತ್ತದೆ. ಏರಿಯ ಮೇಲೆ, ತೂಬಿನ ಪಕ್ಕ, ಹಳೆಯ ಮರದ ಬುಡದಲ್ಲಿ ಬರಹವಿರುವ ಕಲ್ಲೋ ವೀರಗಲ್ಲೋ ದೊಡ್ಡ ಗಾತ್ರದ ಇಟ್ಟಿಗೆಯೋ ಕಂಡರೆ ಯಂತ್ರವನ್ನು ಅರ್ಧ ದಿನ ನಿಲ್ಲಿಸಿ. ಕಲ್ಲನ್ನು ಕದಲಿಸಬೇಡಿ, ಸುಣ್ಣ ಬಣ್ಣ ಬಳಿಯಬೇಡಿ. ಇದ್ದಲ್ಲೇ ಫೋಟೋ ತೆಗೆದು, ಕೆರೆಯ ಹೆಸರು, ಯಾವ ದಿಕ್ಕು, ತೂಬಿನಿಂದ ಎಷ್ಟು ದೂರ ಎಂದು ಬರೆದು ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಶಾಲೆಯ ಮಾಸ್ತರರು ಇದರ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ. ಈ ಬೇಸಿಗೆಯಿಂದಲೇ ಪಾಳಾದ ಕೆರೆಯಿಂದ ಶುರು ಮಾಡಬಹುದು.